ಶರಣಮ್ಮನ ಗೋಡೆಯ ಮೇಲಿನ ಹೆಂಗಸರು

ಹೋದ ಜುಲೈಯಲ್ಲಿ ಠಾಣೆ ನಗರದ ಮಾಜಿವಾಡಾದ ಒಂದು ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನೊಂದು ಸುಳ್ಳು ಹೇಳಿದೆ. ಅಪ್ಪನಿಂದ ಬಳುವಳಿಯಾಗಿ ಬಂದ ಸಕ್ಕರೆ ಕಾಯಿಲೆ ಎರಡು ವರ್ಷದಿಂದ ನನ್ನ ಕಣ್ಣಿನ ಹಿಂದಿನ ಪರದೆಗೆ ಕೈ ಹಾಕಿದೆ. ಪಕ್ಕದಲ್ಲಿ ಮಗ ನಿಖಿಲ್ ಫೋನಿನೊಳಗೆ ಮುಳುಗಿದ್ದ. ಕೈಯಲ್ಲಿ ಫಾರ್ಮು ಹಿಡಿದ ಒಬ್ಬ ಹುಡುಗಿ ಬಂದು ಹಿಂದಿಯಲ್ಲಿ, ತುಂಬ ಮರ್ಯಾದೆಯಿಂದ ಕೇಳಿದಳು: ಆಂಟಿ, ದೃಷ್ಟಿ ಕಡಿಮೆಯಾದ ಮೇಲೆ ನಿಮಗೆ ಎಂದಾದರೂ ಅಲ್ಲಿ ಇಲ್ಲದ ಜನರೋ ವಸ್ತುಗಳೋ ಕಾಣಿಸಿದ್ದುಂಟೇ? ಇದು ಸಂಶೋಧನೆಗೆ, ಹೆದರಬೇಡಿ.

"ನಹೀ," ಎಂದೆ.

ಸರಿಯಾಗಿ ಅದೇ ಹೊತ್ತಿಗೆ ಎದುರಿನ ಗೋಡೆಯ ಬುಡದಿಂದ ಗೇಣುದ್ದದ ಹಸಿರು ಕೊಡೆಗಳು ಸಾಲಾಗಿ ಹೊರಟಿದ್ದವು. ಕೊಡೆಗಳ ಕೆಳಗೆ ಪುಟ್ಟ ಕಾಲುಗಳೂ ಇದ್ದವು. ಸಾಲು ನನ್ನ ಚಪ್ಪಲಿಯ ಹತ್ತಿರ ಬಂದಾಗ ನಾನು ಕಾಲು ಹಿಂದೆಳೆದುಕೊಂಡೆ. ನಿಖಿಲ್ ತಲೆಯೆತ್ತಿದ್ದು ಗೊತ್ತಾಯಿತು. "ಕ್ಯಾ ಹುವಾ, ಅಮ್ಮಾ? ಕಾಲು ಯಾಕೆ?" ಎಂದ. "ಎಂತ ಇಲ್ಲ, ಜೋಮು ಹಿಡಿಯಿತು," ಎಂದೆ. ಒಂದು ನಿಮಿಷದೊಳಗೆ ಎರಡು ಸುಳ್ಳಾಯಿತು.

ಹುಡುಗಿ 'ಇಲ್ಲ' ಎಂಬಲ್ಲಿ ಗುರುತು ಹಾಕಿಕೊಂಡು ಮುಂದಿನವರ ಬಳಿಗೆ ಹೋದಳು. ಸುತ್ತ ಕೂತವರ ಒದ್ದೆ ಕೊಡೆಗಳ ಮುಗ್ಗಲು ವಾಸನೆ, ಅದರ ಮೇಲೆ ಫಿನಾಯಿಲಿನ ಘಾಟು. ಆ ವಾಸನೆಯಲ್ಲಿ ಕೂತಿದ್ದಂತೆ ನನಗೆ ನಾಚಿಕೆಯೂ ನಗುವೂ ಒಟ್ಟಿಗೆ ಬಂದವು. ಯಾಕೆಂದರೆ ಇದೇ ಪ್ರಶ್ನೆಯನ್ನು ಕೇಳುತ್ತ ಒಂದು ಇಡೀ ಮಳೆಗಾಲ ಮನೆಮನೆ ತಿರುಗಿದವಳು ನಾನು. ಸುಳ್ಳು ಹೇಳುವವರ ಮೇಲೆ ಆಗ ನನಗೆ ಎಷ್ಟು ಸಿಟ್ಟು ಬರುತ್ತಿತ್ತೆಂದು ಈಗಿನ ಈ ಹುಡುಗಿಗೆ ಗೊತ್ತಿಲ್ಲ.

ಅದು ತೊಂಬತ್ತೈದರ ಮಳೆಗಾಲ. ನನಗೆ ಇಪ್ಪತ್ನಾಲ್ಕು. ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿ ಡೊಂಬಿವಲಿಯ ಮನೆಯಲ್ಲಿ ಕೂತಿದ್ದೆ. ಸ್ಟೇಶನ್ ಹತ್ತಿರದ ಉಡುಪಿ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದ ಅಪ್ಪ, ಗಿರಾಕಿಯೊಬ್ಬರ ಬಾಯಿಂದ ಸುದ್ದಿ ಹಿಡಿದು ತಂದರು. ಠಾಣೆಯ ಸಣ್ಣ ಕಣ್ಣಾಸ್ಪತ್ರೆಯೊಂದರಲ್ಲಿ ಡಾಕ್ಟರ್ ಸುಮತಿ ಎಂಬವರು ಏನೋ ಸಂಶೋಧನೆ ಮಾಡುತ್ತಿದ್ದಾರೆ, ಕನ್ನಡ ಬರುವ ಹುಡುಗಿ ಬೇಕಂತೆ ಎಂದು. ಅಲ್ಲಿನ ರೋಗಿಗಳಲ್ಲಿ ಗುಲ್ಬರ್ಗ, ವಿಜಾಪುರ, ರಾಯಚೂರು ಕಡೆಯಿಂದ ಬಂದು ತುರ್ಭೆಯಲ್ಲಿ ದುಡಿಯುವವರು ಬಹಳ. ಅವರಿಗೆ ಡಾಕ್ಟರ ಮರಾಠಿ ಅಷ್ಟಕ್ಕಷ್ಟೆ, ಡಾಕ್ಟರಿಗೆ ಅವರ ಕನ್ನಡ ಸೊನ್ನೆ.

ಸುಮತಿ ಬಾಯಿ ಮೊದಲ ದಿನವೇ ವಿಷಯ ಬಿಡಿಸಿ ಹೇಳಿದರು. ವಯಸ್ಸಾಗಿ ದೃಷ್ಟಿ ಹೋದ ಕೆಲವರಿಗೆ ಇಲ್ಲದ್ದು ಕಾಣುತ್ತದೆ. ಹೂವು, ಚೌಕುಳಿ, ಸಣ್ಣ ಸಣ್ಣ ಮನುಷ್ಯರು. ತಲೆ ಕೆಟ್ಟಿರುವುದಿಲ್ಲ, ಅದು ಸುಳ್ಳು ನೋಟ ಎಂದು ಅವರಿಗೇ ಗೊತ್ತಿರುತ್ತದೆ. ನೋಡುವ ಕೆಲಸ ಕಣ್ಣಿನದಷ್ಟೇ ಅಲ್ಲ, ಮೆದುಳಿನ ಹಿಂಭಾಗದ್ದೂ ಹೌದು. ಕಣ್ಣಿನಿಂದ ಸುದ್ದಿ ಬರುವುದು ನಿಂತಾಗ ಅದು ಸುಮ್ಮನೆ ಕೂರದೆ ತಾನೇ ಚಿತ್ರ ಕಟ್ಟುತ್ತದೆ. ಹೊರದೇಶದಲ್ಲಿ ಇದರ ಬಗ್ಗೆ ಬರೆದಿದ್ದಾರೆ, ನಮ್ಮ ಜನಕ್ಕೆ ಏನು ಕಾಣುತ್ತದೆಂದು ಯಾರೂ ಕೇಳಿಲ್ಲ ಎಂದರು. ಅವರ ಕಣ್ಣುಗಳಲ್ಲಿ ಆಸೆಯಿತ್ತು.

ಮನೆಯಲ್ಲಿ ಇದನ್ನು ಹೇಳಿದಾಗ ಅಪ್ಪ ಊಟದ ಕೈಯಲ್ಲೇ ತೀರ್ಮಾನ ಕೊಟ್ಟರು. "ಅದರಲ್ಲಿ ಎಂತ ವಿಚಿತ್ರ ಮಾರಾಯ್ತಿ? ಆರ್ಡರ್ ಬರದಿದ್ದರೆ ಕಾವಲಿಯ ಎದುರು ನಿಂತ ಭಟ್ಟ ಸುಮ್ಮನೆ ಇರುತ್ತಾನಾ? ಒಂದು ದೋಸೆ ಹುಯ್ದೇ ಬಿಡುತ್ತಾನೆ. ತಿನ್ನುವವರು ಇಲ್ಲ ಅಷ್ಟೆ." ಮರುದಿನ ನಾನದನ್ನು ಸುಮತಿ ಬಾಯಿಗೆ ಹೇಳಿದೆ. ಅವರು ತುಂಬ ಹೊತ್ತು ನಕ್ಕು, ನಿಮ್ಮ ಅಪ್ಪನನ್ನು ನನ್ನ ಕಡೆ ಕೆಲಸಕ್ಕೆ ಕಳಿಸು ಎಂದರು.

ಬೆಳಿಗ್ಗೆ ಡೊಂಬಿವಲಿಯಿಂದ ಲೋಕಲ್ಲು. ಮುಂಬ್ರಾದ ಗುಡ್ಡದಲ್ಲಿ ಮಳೆಗಾಲ ಪೂರ್ತಿ ನೀರು ಇಳಿಯುತ್ತಿತ್ತು. ಜನರ ಬೆನ್ನಿನ ಸಂದಿನಿಂದ ಅದು ಕಂಡರೆ ನನಗೆ ಆ ದಿನ ಒಳ್ಳೆಯದಾಗುತ್ತದೆಂಬ ನಂಬಿಕೆ. ಠಾಣೆಯಲ್ಲಿ ಫಾರ್ಮುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ತುರ್ಭೆಯ ಬಸ್ಸು ಹಿಡಿಯಬೇಕು. ಆಗಿನ್ನೂ ಅಲ್ಲಿಗೆ ರೈಲಿರಲಿಲ್ಲ. ಬಸ್ಸಿಳಿದು ಕಾರ್ಖಾನೆಗಳ ಗೋಡೆ ದಾಟಿದರೆ ಗುಡ್ಡದ ಬುಡದಲ್ಲಿ ಒಂದಕ್ಕೊಂದು ಆತುಕೊಂಡ ಒಂಟಿ ಖೋಲಿಗಳು, ಮೇಲೆ ನೀಲಿ ತಾಡಪತ್ರಿ, ಕೆಳಗೆ ಹರಿಯುವ ಕೆಸರು.

ಮೂವತ್ತಕ್ಕೂ ಹೆಚ್ಚು ಮನೆ ಸುತ್ತಿದೆ. ಒಬ್ಬರೂ ಹೌದೆನ್ನಲಿಲ್ಲ. ಒಂದೇ ಕೋಣೆಯ ಮನೆಯಲ್ಲಿ ಗುಟ್ಟಾಗಿ ಮಾತಾಡುವುದೆಂದರೆ ಏನು? ಅಜ್ಜಿಯನ್ನು ಕೇಳಿದರೆ ಮಗ ಉತ್ತರಿಸುತ್ತಿದ್ದ, ಸೊಸೆ ತಿದ್ದುತ್ತಿದ್ದಳು, ಬಾಗಿಲಲ್ಲಿ ನಿಂತ ಪಕ್ಕದ ಮನೆಯವರು ಸಾಕ್ಷಿ ಹೇಳುತ್ತಿದ್ದರು. "ಏನೂ ಕಾಣಂಗಿಲ್ರೀ ಬಾಯಿ, ಒಂದು ಚೂರೂ ಕಾಣಂಗಿಲ್ಲ. ಬೇಕಾದ್ರ ನೋಡ್ರಿ," ಎಂದು ಒಬ್ಬಾತ ತನ್ನ ತಂದೆಯ ಮುಖದೆದುರು ಬೆರಳಾಡಿಸಿ ತೋರಿಸಿದ. ಆ ಮುದುಕ ಪಾಪ, ರೆಪ್ಪೆ ಬಡಿಯದೆ ಸಹಕರಿಸಿದ. ಇಷ್ಟು ಆವೇಶದಿಂದ ಯಾಕೆ ಅಲ್ಲಗಳೆಯುತ್ತಾರೆಂದು ನನಗೆ ಎಷ್ಟೋ ದಿನ ತಿಳಿಯಲಿಲ್ಲ. ಒಂದು ದಿನ ಕಿರಾಣಿ ಅಂಗಡಿಯವಳು ಕನಿಕರಪಟ್ಟು ಹೇಳಿದಳು: "ಏನರೆ ಕಾಣತದ ಅಂದ್ರ ನೀವು ಕುರುಡರ ಸರ್ಟಿಫಿಕೇಟ್ ಕ್ಯಾನ್ಸಲ್ ಮಾಡ್ತೀರಂತಲ್ಲ."

ನಾನು ಸಂಶೋಧನೆ ಮಾಡುತ್ತಿದ್ದೇನೆಂದುಕೊಂಡಿದ್ದೆ. ಅವರ ಲೆಕ್ಕದಲ್ಲಿ ನಾನು ತಪಾಸಣೆಗೆ ಬಂದ ಸರಕಾರಿ ಹೆಂಗಸು. ಆ ದಿನ ಬಸ್ಸಿನಲ್ಲಿ ಅಳು ಬಂತು. ಗಣಪತಿ ಹಬ್ಬದೊಳಗೆ ಒಂದಾದರೂ 'ಹೌದು' ಸಿಗದಿದ್ದರೆ ಕೆಲಸ ನಿಲ್ಲಿಸಿ ಎಂದು ಆಸ್ಪತ್ರೆಯವರು ಸುಮತಿ ಬಾಯಿಗೆ ಹೇಳಿಯಾಗಿತ್ತು. ಸುಮತಿ ಬಾಯಿ ನನ್ನನ್ನು ಬೈಯಲಿಲ್ಲ. ಮಧ್ಯಾಹ್ನ, ದುಡಿಯುವವರು ಹೊರಗಿರುವಾಗ ಹೋಗು, ಫಾರ್ಮು ಚೀಲದಲ್ಲೇ ಇರಲಿ, ಎಂದರು.

ಹಾಗೆ ಎರಡನೇ ಸಲ ಹೋದ ಮೊದಲ ಮನೆ ಶರಣಮ್ಮನದು. ಗುಲ್ಬರ್ಗದ ಕಡೆಯವಳು, ಅರವತ್ತರ ಆಚೀಚೆ. ಇಪ್ಪತ್ತು ವರ್ಷ ತುರ್ಭೆಯ ಖದಾನಿನಲ್ಲಿ, ಅಂದರೆ ಕಲ್ಲಿನ ಕ್ವಾರಿಯಲ್ಲಿ, ಬುಟ್ಟಿ ಹೊತ್ತಿದ್ದಳು. ಗಂಡ ತೀರಿಕೊಂಡಿದ್ದ. ಮಗ ಸಿದ್ದಪ್ಪ ಮಾರ್ಕೆಟ್ಟಿನಲ್ಲಿ ಚೀಲ ಹೊರುತ್ತಿದ್ದ, ಮಗಳು ಮಾದೇವಿ ಪ್ಯಾಕಿಂಗ್ ಕಂಪನಿಗೆ ಹೋಗುತ್ತಿದ್ದಳು. ಎದುರಿಗಿದ್ದವರ ಮುಖ ಶರಣಮ್ಮನಿಗೆ ಕಾಣುತ್ತಿರಲಿಲ್ಲ, ಬದಿಯಲ್ಲಿ ಒಂದಿಷ್ಟು ಮಸುಕು ಬೆಳಕು ಅಷ್ಟೆ. ಆದರೂ ಜೋಳದ ರೊಟ್ಟಿಯನ್ನು ಸದ್ದಿನಿಂದಲೇ ಅಳೆದು ತಟ್ಟುತ್ತಿದ್ದಳು. ನಾನು ಬಾಗಿಲಲ್ಲಿ ನಿಂತದ್ದೇ "ಯಾರು, ಉಡುಪಿ ಬಾಯೇನು? ಬಾ, ಕುಂದ್ರು. ಕಾಗದ ತಗೀಬ್ಯಾಡ," ಎಂದಳು.

ಕಾಗದ ತೆಗೆಯಲಿಲ್ಲ. ಆಕೆ ಕೊಟ್ಟ ರೊಟ್ಟಿ, ಪುಂಡಿಪಲ್ಯ ತಿಂದೆ. ಅವಳ ಕನ್ನಡ ನನಗೆ ಪೂರ್ತಿ ತಿಳಿಯುತ್ತಿರಲಿಲ್ಲ, ನನ್ನ ಕನ್ನಡ ಅವಳಿಗೆ ಪುಸ್ತಕದಂತೆ ಕೇಳುತ್ತಿತ್ತು. ಊಟವಾದ ಮೇಲೆ ಒಲೆಯ ಮೇಲಿದ್ದ ಬಿಸಿನೀರಿನಲ್ಲಿ ಪಾತ್ರೆ ತೊಳೆದು, ಆ ನೀರನ್ನು ಹೊಸ್ತಿಲಿನಾಚೆ ಚೆಲ್ಲಲು ಎದ್ದಳು. ಬಾಗಿಲಲ್ಲಿ ಒಂದು ಗಳಿಗೆ ನಿಂತು ಮೆಲ್ಲಗೆ "ಸರಕೊಳ್ರೆವ್ವಾ, ಬಿಸಿನೀರದ," ಎಂದಳು. ಸ್ವಲ್ಪ ಕಾದು ಆಮೇಲೆ ಚೆಲ್ಲಿದಳು.

ಹೊರಗೆ ಯಾರೂ ಇರಲಿಲ್ಲ. ಒಂದು ನಾಯಿ ಕೂಡ.

"ಯಾರಿಗೆ ಹೇಳಿದ್ದು, ಶರಣಮ್ಮ?"

ಅವಳು ಪಾತ್ರೆ ಬೋರಲು ಹಾಕಿ, ಸೆರಗಿನಿಂದ ಕೈ ಒರೆಸಿಕೊಂಡಳು. "ನಿನಗ ಕೇಳಿಸ್ತೇನು," ಎಂದಳು ಕಡೆಗೆ. ಆಮೇಲೆ ನಿಧಾನವಾಗಿ ಹೇಳಿದಳು. ಹೋದ ದೀಪಾವಳಿಯಿಂದ ಗೋಡೆಯ ಮೇಲೆ ಹೆಂಗಸರು ಬರುತ್ತಾರೆ. ಗೇಣುದ್ದ ಇದ್ದಾರೆ. ಎಲ್ಲರದೂ ಹಳದಿ ಸೀರೆ, ಕೆಂಪು ಅಂಚು, ತಲೆಯ ಮೇಲೆ ಬುಟ್ಟಿ. ಸಾಲು ಹಿಡಿದು ಗೋಡೆಯಿಂದಿಳಿದು ಬಾಗಿಲು ದಾಟಿ ಹೋಗುತ್ತಾರೆ. ಮಾತಿಲ್ಲ, ಸದ್ದಿಲ್ಲ.

"ಗುರುತಿನವರಾ?"

"ಒಬ್ಬಾಕಿನೂ ಅಲ್ಲ. ಅದೇ ನನಗ ಬ್ಯಾಸರ. ನಮ್ಮ ಮನಿಯವರು ಸತ್ತು ಆರು ವರ್ಷ ಆತು, ಅವರು ಒಮ್ಮೆನೂ ಬರಲಿಲ್ಲ. ಯಾವದೋ ಊರಿನ ಹೆಂಗಸರು ದಿನಾ ಬರತಾರ."

"ಅವರು ನಿಜವಾಗಿ ಇಲ್ಲ ಅಂತ ಗೊತ್ತುಂಟಲ್ಲ?"

"ಗೊತ್ತದ ಬಿಡ. ನಾ ಏನ್ ಹುಚ್ಚಿ ಅಲ್ಲ. ಆದ್ರ ಕಣ್ಣಿಗಿ ಕಾಣೋವ್ರ ಮೈಮ್ಯಾಲ ಬಿಸಿನೀರು ಉಗ್ಗಾಕ ಮನಸ್ಸು ಬರಂಗಿಲ್ಲ ನೋಡು."

ನನಗೆ ಕುಣಿಯುವಷ್ಟು ಸಂತೋಷವಾಗಿತ್ತು. ಮೆದುಳಿನ ವಿಷಯ ಹೇಳಹೊರಟು ಅಪ್ಪನ ದೋಸೆ ಭಟ್ಟನನ್ನು ಕರೆತಂದೆ. ಜನ್ಮದಲ್ಲಿ ಹೋಟೆಲಿನ ಒಳಗೆ ಕಾಲಿಡದ ಶರಣಮ್ಮನ ಮುಂದೆ ಭಟ್ಟ ಸೋತ. ಅವಳು ಯೋಚಿಸಿ ತಾನೇ ಕೇಳಿದಳು: "ಖದಾನ್ ಬಂದ್ ಇರೋ ದಿನಾನೂ ನನ್ನ ಕಿವ್ಯಾಗ ಕಲ್ಲು ಒಡಿಯೋ ಮಷಿನ್ ತಿರಗತಿತ್ತು. ಕೆಲಸ ಬಿಟ್ಟು ವರ್ಷ ಆದ್ರೂ ತಿರಗತಿತ್ತು. ಹಂಗೇನು ಇದು?"

"ಅದೇ," ಎಂದೆ. "ನೂರಕ್ಕೆ ನೂರು ಅದೇ." ಎಂ.ಎ.ಯ ಎರಡು ವರ್ಷದಲ್ಲಿ ಯಾರೂ ಇಷ್ಟು ಚೆನ್ನಾಗಿ ನನಗೆ ಹೇಳಿಕೊಟ್ಟಿರಲಿಲ್ಲ.

ಚೀಲಕ್ಕೆ ಕೈ ಹಾಕಿದೆ. ಕಾಗದದ ಸದ್ದು ಕೇಳಿ ಅವಳು ನನ್ನ ಮಣಿಕಟ್ಟು ಹಿಡಿದಳು. ಕಲ್ಲು ಹೊತ್ತ ಕೈ, ಬಿಗಿಯಾಗಿತ್ತು. "ಬರೀಬ್ಯಾಡ ಮಗಳ. ಮಾದೇವಿಗಿ ಕಲ್ಯಾಣದಾಗಿಂದ ಒಂದು ಸಂಬಂಧ ಬಂದದ. ಹುಡುಗ ಚಲೋ ಇದ್ದಾನ, ಆಕಿಗೂ ಮನಸ್ಸದ. ಅವ್ವಗ ಇಲ್ಲದ್ದು ಕಾಣತದ ಅಂತ ಸುದ್ದಿ ಆದ್ರ ಹುಚ್ಚಿನ ಮನಿತನ ಅಂತಾರ. ಠಾಣಾಕ ಕಳಸಬೇಕು ಇಕೀನ್ನ ಅಂತಾರ. ನನ್ನ ಸಲುವಾಗಿ ಆಕಿ ಮದಿವಿ ಮುರೀಬಾರದು. ಇಲ್ಲ ಅಂತ ಬರಿ."

ಠಾಣೆಯಲ್ಲಿ ದೊಡ್ಡ ಹುಚ್ಚಾಸ್ಪತ್ರೆಯಿದೆ, ತಲೆ ಕೆಟ್ಟವರನ್ನು ಠಾಣೆಗೆ ಕಳಿಸಬೇಕು ಎನ್ನುವುದು ಈ ಕಡೆಯವರ ಬಾಯಿಮಾತು. ಅದೇ ಠಾಣೆಯಿಂದ ನಾನು ಫಾರ್ಮು ಹಿಡಿದು ಬರುತ್ತಿದ್ದೆ. ಮಳೆಗಾಲ ಪೂರ್ತಿ ಅಲೆದು ಸಿಕ್ಕಿದ್ದ ಒಂದೇ ಒಂದು 'ಹೌದು' ನನ್ನ ಕೈಯಲ್ಲಿತ್ತು. ಅವಳ ಎದುರಲ್ಲೇ 'ಇಲ್ಲ' ಎಂದು ಗುರುತು ಹಾಕಿದೆ. ಅವಳಿಗೆ ಕಾಣದಿದ್ದರೂ ಪೆನ್ನಿನ ಸದ್ದು ಕೇಳಿಸಲಿ ಎಂದು ಒತ್ತಿ ಎಳೆದೆ. ಶನಿವಾರ ಸುಮತಿ ಬಾಯಿ ಎಂದಿನಂತೆ "ಒಂದಾದರೂ?" ಎಂದು ಕೇಳಿದಾಗ ಇಲ್ಲವೆಂದು ತಲೆಯಾಡಿಸಿದೆ. ಅವರ ಮುಖ ನೋಡಲಾಗಲಿಲ್ಲ.

ಹದಿನೈದು ದಿನದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಕಲ್ಯಾಣದವರು ಹೆಣ್ಣು ನೋಡಲು ಬಂದರು. ಓದಿದವಳೊಬ್ಬಳು ಮನೆಯಲ್ಲಿ ಕೂತಿದ್ದರೆ ತೂಕ ಎಂದು ಸಿದ್ದಪ್ಪ ನನ್ನನ್ನೂ ಕರೆದಿದ್ದ. ಹುಡುಗನ ತಂದೆ ಭೀಮರಾಯ, ಸಣಕಲು ದೇಹದ, ಮಾತು ಕಡಿಮೆಯ ಮನುಷ್ಯ. ಮಾತೆಲ್ಲ ಹುಡುಗನ ಸೋದರತ್ತೆಯದು. ಮಾದೇವಿ ಅವಲಕ್ಕಿ ಕೊಟ್ಟು ಮೂಲೆಯಲ್ಲಿ ಕೂತಳು. ಅತ್ತೆಯ ಪ್ರಶ್ನೆಗಳಿಗೆ ಚುರುಕಾಗಿ ಉತ್ತರಿಸಿದಳು. ಎಲ್ಲ ಸುಸೂತ್ರವಾಗಿತ್ತು. ಶರಣಮ್ಮ ಅನ್ನ ಬಸಿದು, ಗಂಜಿಯ ಪಾತ್ರೆ ಹಿಡಿದು ಬಾಗಿಲಿಗೆ ಹೋದಳು. ನಾನೆದ್ದು ತಡೆಯುವಷ್ಟರಲ್ಲಿ ಅಭ್ಯಾಸದ ಬಾಯಿ ಆಡಿಬಿಟ್ಟಿತ್ತು.

"ಸರಕೊಳ್ರೆವ್ವಾ, ಬಿಸಿ ಗಂಜಿ ಅದ."

ಸೋದರತ್ತೆ ಬಾಗಿಲ ಪಕ್ಕದಲ್ಲೇ ಕೂತಿದ್ದಳು. ಹೊರಗೆ ಬಗ್ಗಿ ನೋಡಿದಳು. "ಯಾರಿಗಿ ಹೇಳಿದಿ, ಶರಣಮ್ಮಕ್ಕ? ಇಲ್ಲಿ ಯಾರೂ ಇಲ್ಲಲ್ಲ."

"ಅವ್ವಗ ಕಣ್ಣು ಕಾಣಂಗಿಲ್ರೀ," ಎಂದ ಸಿದ್ದಪ್ಪ, "ಯಾರರೆ ನಿಂತಾರ ಅಂತ ತಿಳಕೊಂಡಾಳ."

"ಮನ್ನಿ ನಳದ ಕಡೆನೂ ಹಿಂಗೇ ಅಂದಳಂತ. ಹಾದ್ಯಾಗ ನಾವು ಕೇಳಕೊಂಡೇ ಬಂದೀವಿ."

ಸುಮ್ಮನಿರಬೇಕಿದ್ದ ನಾನು ಬಾಯಿ ಹಾಕಿದೆ. "ಹಾಗಲ್ಲ, ಇದೊಂದು ಸಾಮಾನ್ಯ ವಿಷಯ, ಮೆದುಳಿನ ಹಿಂಭಾಗದಲ್ಲಿ" ಎಂದು ಶುರುಮಾಡಿದೆ. ಮೆದುಳು ಎಂಬ ಶಬ್ದ ಬಿದ್ದದ್ದೇ ಕೋಣೆ ತಣ್ಣಗಾಯಿತು. ಅತ್ತೆ ಅವಲಕ್ಕಿಯ ತಟ್ಟೆಯನ್ನು ನೆಲಕ್ಕಿಟ್ಟಳು. ಮಾದೇವಿ ತಲೆ ಬಗ್ಗಿಸಿದಳು. ಅವಳ ಬೈತಲೆಯನ್ನು ನೋಡುತ್ತ, ಈ ಹುಡುಗಿಯ ಬದುಕನ್ನು ನಾನೇ ಕೈಯಾರೆ ಕೆಡಿಸಿದೆನೆಂದುಕೊಂಡೆ.

ಆಗ ಶರಣಮ್ಮ ಪಾತ್ರೆ ಕೆಳಗಿಟ್ಟು, ಹೊಸ್ತಿಲ ಮೇಲೇ ಕೂತಳು. "ಸುಳ್ಳ್ಯಾಕ ಹೇಳಲಿ. ನನಗ ಹೆಂಗಸರು ಕಾಣತಾರ," ಎಂದಳು. ಹಳದಿ ಸೀರೆ, ಬುಟ್ಟಿ, ಸಾಲು ಎಲ್ಲ ಹೇಳಿದಳು. "ಅವರು ಇಲ್ಲ ಅಂತ ನನಗ ಗೊತ್ತದ. ಖದಾನ್ ಬಂದ್ ಆದ್ರೂ ಕಿವ್ಯಾಗ ಮಷಿನ್ ನಿಲ್ಲಂಗಿಲ್ಲಲ್ಲ, ಹಂಗ ಕಣ್ಣು ಬಂದ್ ಆದ್ರೂ ನೋಡೋದು ನಿಂತಿಲ್ಲ ನಂದು. ನನ್ನ ಕಣ್ಣಿನ ಮಾತು ಇದು. ನನ್ನ ಮಗಳಿಗಿ ಹಚ್ಚಬ್ಯಾಡ್ರಿ."

ಮಳೆ ತಾಡಪತ್ರಿಯ ಮೇಲೆ ಬೀಳುತ್ತಿತ್ತು. ಅಷ್ಟು ಹೊತ್ತು ಬಾಯಿಬಿಡದಿದ್ದ ಭೀಮರಾಯ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಯಾವ ಖದಾನ್‌ದಾಗ ಇದ್ರಿ ನೀವು?"

"ಇಲ್ಲೇ, ಗುಡ್ಡದ ಹಿಂದ."

"ನಾನೂ ಮುಂಬ್ರಾ ಕಡೆ ಹದಿನಾಲ್ಕು ವರ್ಷ ಮದ್ದಿನ ಸುರಂಗ ಹಾಕಿ ಕಲ್ಲು ಸಿಡಿಸೀನಿ. ಬಿಟ್ಟು ಭಾಳ ದಿನ ಆತು." ತನ್ನ ಕಿವಿಯನ್ನು ಮುಟ್ಟಿಕೊಂಡ. "ಈಗೂ ಕೇಳತದ. ಈಗ ಇಲ್ಲಿ ಕುಂತಾಗೂ ಕೇಳಾಕತ್ತದ. ಮನ್ಯಾಗ ಯಾರಿಗೂ ಹೇಳಿಲ್ಲ."

ಹುಡುಗ ಬೆರಗಾಗಿ ತಂದೆಯನ್ನು ನೋಡಿದ. ಸೋದರತ್ತೆ ಅಣ್ಣನ ಮುಖ ನೋಡಿದಳು, ಶರಣಮ್ಮನ ಮುಖ ನೋಡಿದಳು. "ನೀ ಅದಕ್ಕೇ ಏನು ಆಗಾಗ ತಲಿ ಅಲ್ಲಾಡಸ್ತಿದ್ದಿ?" ಎಂದಳು. ಭೀಮರಾಯ ಹೌದೆಂದ. ಅವಳು ಅವಲಕ್ಕಿಯ ತಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡಳು. ಮಾದೇವಿಯ ಮದುವೆ ನಿಶ್ಚಯವಾದದ್ದು ಆ ತಟ್ಟೆ ಮೇಲೆದ್ದಾಗ ಎಂದೇ ನನ್ನ ನಂಬಿಕೆ.

ಹೊರಡುವಾಗ ಶರಣಮ್ಮ ನನ್ನ ಚೀಲ ತಡವಿದಳು. "ಈಗ ತಗಿ ನಿನ್ನ ಕಾಗದ. ಹೌದು ಅಂತ ಬರಿ. ಅವರ ಮುಂದ ಬರಿ."

ಸೋಮವಾರ ಸುಮತಿ ಬಾಯಿಯ ಮುಂದೆ, 'ಇಲ್ಲ'ವನ್ನು ಹೊಡೆದುಹಾಕಿ 'ಹೌದು' ಮಾಡಿದ ಆ ಫಾರ್ಮನ್ನಿಟ್ಟು ತಪ್ಪೊಪ್ಪಿಕೊಂಡೆ. ಅವರು ಕಾಗದವನ್ನು ಬಹಳ ಹೊತ್ತು ನೋಡಿ, ಅಲ್ಲಿಯವರೆಗಿನ ಎಲ್ಲ ಫಾರ್ಮುಗಳನ್ನೂ ಬದಿಗೆ ಸರಿಸಿದರು. ನಾವು ಪ್ರಶ್ನೆಯನ್ನು ಮಾತ್ರ ಒಯ್ದೆವು, ಅವರ ಭಯಕ್ಕೆ ಉತ್ತರ ಒಯ್ಯಲಿಲ್ಲ, ಇನ್ನು ಇದು ಹುಚ್ಚಲ್ಲ, ಸರ್ಟಿಫಿಕೇಟೂ ಹೋಗುವುದಿಲ್ಲ ಎಂದು ಮೊದಲು ಹೇಳು, ಆಮೇಲೆ ಕೇಳು, ಮನೆಯವರೆಲ್ಲ ಇರುವಾಗಲೇ ಹೇಳು ಎಂದರು. ನಾನು ಹೋಗುವ ಮೊದಲೇ ಸುದ್ದಿ ಹೋಗಿತ್ತು, ಕಿರಾಣಿ ಅಂಗಡಿಯವಳ ಕೃಪೆ. ಬೆರಳಾಡಿಸಿದಾಗ ರೆಪ್ಪೆ ಬಡಿಯದಿದ್ದ ಮುದುಕನಿಗೆ ಫ್ಯಾನಿನ ಮೇಲೆ ಕುದುರೆಗಾಡಿ ಕಾಣುತ್ತಿತ್ತು. ಡೊಂಬಿವಲಿಯ ನಮ್ಮದೇ ಕಡೆಯ ಅಜ್ಜಿಯೊಬ್ಬರಿಗೆ ಮಖಮಲ್ಲಿನ ಟೊಪ್ಪಿಯ ಮಕ್ಕಳು. ಕಲ್ಯಾಣದ ಒಬ್ಬರಿಗೆ ಬರೀ ಇಟ್ಟಿಗೆಯ ಗೋಡೆ. ಉಳಿದವರದ್ದನ್ನು ಕೇಳಿ ಅವರು ನೊಂದುಕೊಂಡರು: "ಎಲ್ಲರಿಗೂ ಜನ ಬರ್ತಾರೆ, ನನಗೆ ಮಾತ್ರ ಇಟ್ಟಿಗೆಯಾ?" ಹೇಳಿದ ಮೇಲೆ ಪ್ರತಿಯೊಬ್ಬರ ಭುಜವೂ ಸ್ವಲ್ಪ ಕೆಳಗಿಳಿಯುತ್ತಿತ್ತು. ಅದನ್ನು ಬರೆಯಲು ಫಾರ್ಮಿನಲ್ಲಿ ಜಾಗವಿರಲಿಲ್ಲ.

ದೀಪಾವಳಿಯ ನಂತರ ಮಾದೇವಿಯ ಮದುವೆಯಾಯಿತು. ಊರಿಂದ ಬರಲು ಹೆಚ್ಚು ಮಂದಿಗೆ ಆಗಿರಲಿಲ್ಲ, ಹೆಣ್ಣಿನ ಕಡೆಯವರು ಬೆರಳೆಣಿಕೆ. ಅಕ್ಷತೆ ಬಿದ್ದ ಮೇಲೆ ಶರಣಮ್ಮ ನನ್ನ ಕಿವಿಯಲ್ಲಿ ಹೇಳಿದಳು, "ಮಂಟಪದ ಪರದಿ ತುಂಬ ಆ ಹೆಂಗಸರು ನಿಂತಾರ ನೋಡು. ನಮ್ಮ ಕಡೆಯಿಂದನ ಮಂದಿ ಭಾಳ." ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಎರಡು ವರ್ಷದ ಮೇಲೆ ನನ್ನ ಮದುವೆಗೆ ಕರೆಯಲು ಹೋದಾಗ ಅವಳಿಗೆ ಉಳಿದಿದ್ದ ಬೆಳಕೂ ಹೋಗಿತ್ತು. ಹೆಂಗಸರನ್ನು ಕೇಳಿದೆ. "ಬರೋದು ಬಿಟ್ರು," ಎಂದಳು. "ಹೇಳಿ ಹೋಗಬೇಕಿತ್ತವ್ವ. ಇಷ್ಟು ದಿನ ದಾರಿ ಬಿಟ್ಟೀನಿ ನಾ ಅವರಿಗಿ." ಆಮೇಲೆ ನಾನು ಅವಳನ್ನು ನೋಡಲಿಲ್ಲ. ನೋಡಲು ಹೋಗಬೇಕಿತ್ತು, ಹೋಗಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಮಾಜಿವಾಡಾದ ಬೆಂಚಿನ ಮೇಲೆ ಇದೆಲ್ಲ ನೆನಪಾಗಿ ಮುಗಿಯುವಷ್ಟರಲ್ಲಿ ಹುಡುಗಿ ನಾಲ್ಕು ಜನರಾಚೆ ಹೋಗಿದ್ದಳು. ನಾಲ್ಕು ಸಲವೂ 'ನಹೀ' ಎಂದದ್ದು ನನಗೆ ಕೇಳಿಸಿತ್ತು. ನಿಖಿಲನನ್ನು ಚಹಾ ತರಲು ಕಳಿಸಿ ಅವಳನ್ನು ಕರೆಯಬಹುದಿತ್ತು. ಹಾಗೆ ಮಾಡಲಿಲ್ಲ.

"ನಿಖಿಲ್," ಎಂದೆ, "ನನಗೆ ಕೊಡೆಗಳು ಕಾಣುತ್ತವೆ. ಹಸಿರು ಕೊಡೆಗಳು, ಸಣ್ಣ ಸಣ್ಣವು, ಕೆಳಗೆ ಕಾಲುಂಟು. ಎರಡು ತಿಂಗಳಾಯಿತು. ಹುಚ್ಚಲ್ಲ ಮಗಾ, ಕಣ್ಣಿನದ್ದು. ಆಗ ಸುಳ್ಳು ಹೇಳಿದೆ. ಆ ಹುಡುಗಿಯನ್ನು ಕರೆ, ಹೌದು ಅಂತ ಬರೆಸಬೇಕು."

ಅವನು ಫೋನನ್ನು ಜೇಬಿಗೆ ಹಾಕಿದ್ದು ಗೊತ್ತಾಯಿತು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ, "ಅಭೀ ಭೀ ಹೈ?"

"ಉಂಟು. ಈಗ ನಿನ್ನ ಹತ್ತಿರವೇ ಬಂದವು."

ನಿಖಿಲ್ ಒಂದು ಗಳಿಗೆ ಬರಿಯ ನೆಲವನ್ನು ನೋಡಿದ. ಆಮೇಲೆ ತನ್ನ ಉದ್ದ ಕಾಲುಗಳನ್ನು ನಿಧಾನವಾಗಿ ಬೆಂಚಿನ ಕೆಳಗೆ ಎಳೆದುಕೊಂಡ.